ತೋಳದ ಬೋನಿಗೆ ಕುಂಕುಮ

ನಾಣ್ಯ ಕೂಡಿಸುವವರಿದ್ದಾರೆ, ಅಂಚೆಚೀಟಿ ಕೂಡಿಸುವವರಿದ್ದಾರೆ. ನಾನು ಬೋನು ಕೂಡಿಸಿದವನು. ಹಾಗೆಂದ ಕೂಡಲೇ ಜನ ಒಂಥರಾ ನೋಡುತ್ತಾರೆ. ನೋಡಲಿ, ನನಗೇನು! ಇಲಿಯದು, ಮುಂಗುಸಿಯದು, ನರಿಯದು ಎಂದು ಮುದ್ದೇಬಿಹಾಳದ ನಮ್ಮ ಮನೆಯ ಪಡಸಾಲೆ ಗೋಡೆಗೆ ಇಪ್ಪತ್ತಾರು ತೂಗುಬಿದ್ದಿದ್ದವು. ಎಲ್ಲವೂ ಹಳೆಯವು, ಪರದೇಶದವು, ಪಂಜರವಲ್ಲದೆ ಕಚ್ಚಿ ಹಿಡಿಯುವಂಥವು, ಕಬ್ಬಿಣದ ಮೈಮೇಲೆ ಪೇಟೆಂಟ್ ನಂಬರು ಕೊರೆದಂಥವು. ನಂಬರಿಲ್ಲದ್ದನ್ನು ನಾನು ಮುಟ್ಟುತ್ತಿರಲಿಲ್ಲ.

ಮೊದಲನೆಯದು ಸಿಂದಗಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಇನ್ನೊಂದು ಇಂಡಿ ಊರಿನ ಹಳೆ ವಾಡೆಯೊಂದರ ಅಟ್ಟದಿಂದ ಬಂತು. ನಾಲತವಾಡದ ಸಂತೆಯಲ್ಲಂತೂ ಬೆಳ್ಳುಳ್ಳಿ ಮಾರುವಾಕೆ ತಾಡಪತ್ರಿ ಗಾಳಿಗೆ ಹಾರದಿರಲೆಂದು ಮೂಲೆಗೆ ಒಂದು ಬೋನು ಇಟ್ಟುಕೊಂಡಿದ್ದಳು. ನಾನು ಸಾಲಿಯಲ್ಲಿ ವಿಜ್ಞಾನ ಕಲಿಸುವವನು. ಯಾವುದೋ ದೂರದೂರಿನಲ್ಲಿ ಒಬ್ಬ ಕೂತು, ಪ್ರಾಣಿಯ ಕಾಲು ಕಡಿದುಹೋಗದಂತೆ, ಆದರೆ ಬಿಡಿಸಿಕೊಳ್ಳಲೂ ಆಗದಂತೆ ಎಷ್ಟು ಬಿಗಿಯಾಗಿ ಕಚ್ಚಬೇಕೆಂದು ಯೋಚಿಸಿದ್ದಾನಲ್ಲ, ಅದು ನನಗೆ ಖುಷಿ ಕೊಡುತ್ತಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಕೊಡುತ್ತಿದ್ದದ್ದು ನಿಜ.

ಮನೆಯಲ್ಲಿ ಇದ್ದವರು ನಾನು ಮತ್ತು ಅಕ್ಕ. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ಬೇಗ ತೀರಿಕೊಂಡ ಮೇಲೆ ತವರಿಗೆ ಬಂದು, ಊರವರ ಕುಬಸ ಹೊಲಿದು ನನ್ನನ್ನು ಓದಿಸಿದಳು. ನನಗೆ ಮದುವೆಯಾಗಲಿಲ್ಲ. "ಇಪ್ಪತ್ತಾರ ಬೋನ ಅದಾವು, ಒಂದರಾಗರೆ ಒಂದ ಹೆಣ್ಣ ಬಿತ್ತೇನೋ?" ಎಂದು ಹೊಲಿಗೆ ಯಂತ್ರ ತುಳಿಯುತ್ತಲೇ ಚಾಷ್ಟಿ ಮಾಡುತ್ತಿದ್ದಳು.

ಇಪ್ಪತ್ತೇಳನೆಯದು ಇಂಗಳೇಶ್ವರದಲ್ಲಿ ಸಿಕ್ಕಿತು. ತೋಳದ ಬೋನು. ಹಲ್ಲಿನ ಎರಡು ದವಡೆ, ಅಕ್ಕಪಕ್ಕ ಎರಡು ಉದ್ದನೆಯ ಸ್ಪ್ರಿಂಗು, ನಡುವೆ, ಒತ್ತಿದರೆ ದವಡೆ ಮುಚ್ಚಿಕೊಳ್ಳುವಂಥ ಒಂದು ದುಂಡನೆಯ ತಟ್ಟೆ. ಒಬ್ಬ ಮುದುಕ ಕುರಿಗಾರ ದವಡೆಗಳನ್ನು ತಂತಿಯಿಂದ ಬಿಗಿದು ಕೊಟ್ಟಿಗೆಯ ಸಂದಿಯಲ್ಲಿ ತುರುಕಿಟ್ಟಿದ್ದ. ಅವನು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ.

"ಒಯ್ಯೂದಾದ್ರ ಒಯ್ರಿ ಮಾಸ್ತರ. ಆದ್ರ ಎಣ್ಣಿ ಮಾತ್ರ ಹಾಕಬ್ಯಾಡ್ರಿ. ಅದಕ್ಕ ಜಂಗ ಹಿಡದದ್ದ ಛಲೋ ಐತಿ."

"ಯಾಕ್ರಿ ಯಜಮಾನ್ರ?"

"ನಮ್ಮಪ್ಪನ ನಾಯಿ ಅದರಾಗ ಬಿದ್ದಿತ್ತರಿ. ಎಲ್ಲಿ ಒದರತೈತಿ ಅಂತ ತಿಳೀಲಿಲ್ಲ. ಎರಡ ದಿನಾ ಒದರಿ ಒದರಿ ಸತ್ತತು."

ಹೌದೌದೆಂದು ತಲೆಯಾಡಿಸಿ ಬೈಕಿಗೆ ಕಟ್ಟಿಕೊಂಡು ಬಂದೆ. ಸೀಮೆಎಣ್ಣೆಯಲ್ಲಿ ನೆನೆಸಿದೆ, ಉಜ್ಜಿದೆ, ಎಣ್ಣೆ ಹಾಕಿದೆ. ಎಂಟು ದಿನದಲ್ಲಿ ಜಂಗು, ತುಕ್ಕು ಎಲ್ಲ ಹೋಗಿ ನಂಬರು ಕಂಡಿತು. ಒಂದು ತೊಗರಿಕಟ್ಟಿಗೆ ಇಟ್ಟು ನೋಡಿದರೆ ಎರಡು ತುಂಡು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ. ಮನೆಯ ಕಬ್ಬಿಣವನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಪೂಜಿಸುತ್ತೇವೆ. ನಮ್ಮ ಮನೆತನದ ಪದ್ಧತಿ ಎಂದರೆ ಆವತ್ತು ಯಾವ ಆಯುಧವೂ ಬಾಯಿ ಮುಚ್ಚಿಕೊಂಡು ಕೂಡಬಾರದು. ಅಕ್ಕನ ಕತ್ತರಿಯೂ ಬಾಯಿ ತೆರೆದೇ ಇರಬೇಕು. ಹಾಗಾಗಿ ತೋಳದ ಬೋನನ್ನೂ ಬಾಯಿ ತೆರೆದು ಇಟ್ಟೆ, ಮುಚ್ಚಿಕೊಳ್ಳದಂತೆ ಒಂದು ಮೊಳೆ ಅಡ್ಡ ಸಿಗಿಸಿದೆ. "ಎಲ್ಲಾ ಸತ್ತ ಬೋನು, ಅಂಜಬ್ಯಾಡ," ಎಂದು ಅಕ್ಕನಿಗೆ ನಾನೇ ಹೇಳಿದ್ದೆ. ಅವಳು ಸ್ಪ್ರಿಂಗುಗಳ ಮೇಲೆ ವಿಭೂತಿ ಎಳೆದು, ಚೆಂಡುಹೂ ಇಟ್ಟು, ಕುಂಕುಮ ತರಲು ಒಳಗೆ ಹೋದಳು. ಆಗ ನನಗೆ ಫೋಟೋದ ಹುಚ್ಚು. ಬೋನು ಕೂಡಿಸುವವರದೊಂದು ವಾಟ್ಸಾಪ್ ಗುಂಪಿದೆ. ಮೊಳೆ ಇದ್ದರೆ ಚೆಂದ ಕಾಣುವುದಿಲ್ಲವೆಂದು ಕಿತ್ತು ಜೇಬಿಗಿಟ್ಟೆ. ಫೋಟೋ ತೆಗೆದು, ಗುಂಪಿಗೆ ಕಳಿಸುತ್ತ ಬೋನಿಗೆ ಬೆನ್ನುಮಾಡಿ ನಿಂತೆ.

ಅಕ್ಕ ಬಂದಳು. ಯಾವ ಸಾಮಾನಿಗೇ ಆಗಲಿ ಹಣೆ ಎಲ್ಲಿದೆಯೆಂದು ಹುಡುಕಿಯೇ ಅವಳು ಕುಂಕುಮ ಹಚ್ಚುವುದು. ಬೋನಿನ ನಡುವಿನ ದುಂಡನೆಯ ತಟ್ಟೆ ಅವಳಿಗೆ ಹಣೆಯಾಗಿ ಕಂಡಿತು.

ಖಟ್ ಅಂದಿತು. ತಿರುಗಿ ನೋಡಿದರೆ ಬಲಗೈ ದವಡೆಯೊಳಗಿತ್ತು. ಅಯ್ಯೋ ದೇವರೇ! ಅವಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು.

ಆ ಬೋನು ಬಿಡಿಸಲು ಇರುವುದು ಒಂದೇ ದಾರಿ. ಎರಡು ಸ್ಪ್ರಿಂಗಿನ ಮೇಲೂ ಒಂದೊಂದು ಕಾಲಿಟ್ಟು ಮೈಭಾರ ಹಾಕಿ ನಿಲ್ಲಬೇಕು. ಬಂದವರಿಗೆಲ್ಲ ಅದನ್ನು ವಿವರಿಸಿ ಹೇಳಿದವನು ನಾನು. ಸಾಲಿಯಲ್ಲಿ ಮೂಢನಂಬಿಕೆ ಬಿಡ್ರಿ ಎಂದು ಭಾಷಣ ಬಿಗಿಯುವವನೂ ನಾನೇ. ಆದರೆ ಸ್ಪ್ರಿಂಗುಗಳ ಮೇಲೆ ವಿಭೂತಿ ಇತ್ತು, ಹೂ ಇತ್ತು. ಪೂಜೆಯ ಕಬ್ಬಿಣಕ್ಕೆ ಕಾಲು ಸೋಕಬಾರದು ಎಂದು ಹುಟ್ಟಿದಾಗಿನಿಂದ ಕಲಿತ ಕಾಲು ನನ್ನದು. ಮೇಲೇಳಲೇ ಇಲ್ಲ. ಕುಕ್ಕರುಗಾಲಲ್ಲಿ ಕೂತು ಕೈಯಿಂದ ದವಡೆ ಎಳೆದೆ, ಹಿಗ್ಗಿಸಿದೆ, ಜಗ್ಗಿದೆ. ಹಲ್ಲು ಇನ್ನಷ್ಟು ಒಳಗೆ ಹೋಯಿತು.

"ಕಾಲಿಲೆ ತುಳಿಯೋ ಖೋಡಿ!" ಅಕ್ಕ ಚೀರಿದಳು.

ಎದ್ದು ಒಂದು ಕಾಲೆತ್ತಿದೆ. ಮತ್ತೆ ನೆಲಕ್ಕೆ ಇಳಿಸಿದೆ. ಅವಳು ಇನ್ನೊಮ್ಮೆ ಚೀರಿದ ಮೇಲೆ ತುಳಿದೆ.

ವಿಜಯಪುರದ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಡಾಕ್ಟರು ಗಾಯ ನೋಡಿ, "ಜಗ್ಯಾಡೀರಿ. ಸುಮ್ನಿದ್ದು ಲಗೂನ ಬಿಡಿಸಿದ್ರ ಬೆರಳು ಉಳೀತಿದ್ವು," ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾನ ಜಗ್ಗಿದೆರಿ, ತ್ರಾಸ ತಡೀಲಿಲ್ಲ," ಅಂದಳು. ಅವಳು ಜಗ್ಗಿರಲಿಲ್ಲ. ಕೈಯನ್ನು ಅಲ್ಲಾಡಿಸಿಯೂ ಇರಲಿಲ್ಲ. ಆ ಕೈ ಈಗ ಸೂಜಿ ಹಿಡಿಯುವುದಿಲ್ಲ. ಹೊಲಿಗೆ ಯಂತ್ರದ ಮೇಲೆ ಹಾಸಿಗೆಗಳನ್ನು ಮಡಿಚಿಡುತ್ತೇವೆ.

ಬೋನುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಸಿಂದಗಿಯ ಗುಜರಿಯವನಿಗೇ ಕೊಟ್ಟೆ. ತೋಳದ್ದೊಂದನ್ನು ಕೊಡಲಾಗಲಿಲ್ಲ. ಇನ್ನೊಬ್ಬ ನನ್ನಂಥವನು ಅದಕ್ಕೆ ಎಣ್ಣೆ ಹಾಕಿದರೆ? ತಂತಿ ಬಿಗಿದು ಹಿತ್ತಲಲ್ಲಿ ಹೂಳಿದೆ.

ಮುಂದಿನ ಮಹಾನವಮಿಯ ಬೆಳಿಗ್ಗೆ ಅಕ್ಕ, "ತ್ವಾಳದ ಬೋನೆಲ್ಲಿ? ತಾ," ಅಂದಳು.

"ಬ್ಯಾಡಕ್ಕಾ."

"ತಾ ಅಂದ್ರ ತಾ."

ಅಗೆದು ತಂದು, ತಂತಿ ಬಿಚ್ಚದೆ, ಬಾಯಿ ಮುಚ್ಚಿದ್ದನ್ನೇ ಸಾಲಿನಲ್ಲಿ ಇಟ್ಟೆ. ಅವಳೇ ವಿಭೂತಿ ಎಳೆದಳು, ಹೂ ಇಟ್ಟಳು. ಕುಂಕುಮದ ಬಟ್ಟಲು ಹಿಡಿದು ನನ್ನ ಕಡೆ ನೋಡಿದಳು.

"ತುಳಿ," ಅಂದಳು.

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ತುಳಿಯೋ."

ಸ್ಪ್ರಿಂಗುಗಳ ಮೇಲಿನ ಹೂವಿನ ಮೇಲೆಯೇ ಎರಡೂ ಕಾಲಿಟ್ಟು ನಿಂತೆ. ಅವಳು ನನ್ನ ಕಾಲನ್ನೇ ನೋಡಿದಳು.

"ಆವತ್ತ ಇಷ್ಟ ಮಾಡಿದ್ದರ ಸಾಕಿತ್ತಲ್ಲೋ ತಮ್ಮಾ," ಅಂದಳು. ಆಮೇಲೆ ಬಗ್ಗಿ, ಎಡಗೈಯಿಂದ ಕುಂಕುಮ ಹಚ್ಚತೊಡಗಿದಳು. ಅವಳು ಮುಗಿಸುವವರೆಗೂ ನಾನು ಇಳಿಯಲಿಲ್ಲ.