ಅಕ್ಕನ ರಾಶಿಗೆ ನಾನು ಕೈ ಹಾಕಿದ್ದು

ಆ ಗುರುವಾರ ಏನೂ ಆಗಲಿಲ್ಲ. ಅದಕ್ಕೇ ಅದು ನೆನಪಿದೆ.

ಹಿರಿಯೂರಿನಲ್ಲಿ ನಾವು ಕೆಲಸ ಮಾಡುವ ಚುಟ್ಟದ ಶೆಡ್ಡಿನಲ್ಲಿ ಹೊಗೆಸೊಪ್ಪು ಆರಿಸುವವರು ಒಂಬತ್ತು ಜನ ಹೆಂಗಸರು. ಗೋಡೆ ಪಕ್ಕ ನನ್ನ ಅಕ್ಕ ತಿಪ್ಪಮ್ಮ, ಅವಳ ಪಕ್ಕ ನಾನು. ಅವಳದು ಇಪ್ಪತ್ತಾರು ವರ್ಷದ ಕೆಲಸ, ನನ್ನದು ಹದಿನೆಂಟು. ಬೆಳಿಗ್ಗೆ ಮೂಟೆ ಬಿಚ್ಚಿ, ನೀರು ಚಿಮುಕಿಸಿ, ಎಲೆ ಮೆತ್ತಗಾದ ಮೇಲೆ ಒಂದೊಂದನ್ನೇ ತೊಡೆಯ ಮೇಲೆ ಹರವಿ ನೋಡುತ್ತೇವೆ. ತೆಳುವಾದ, ಅಗಲವಾದ, ಹರಿಯದ ಎಲೆ ಚುಟ್ಟದ ಹೊರಸುತ್ತಿಗೆ. ಹರಿದದ್ದು ಒಳಗೆ ತುಂಬಲಿಕ್ಕೆ. ಬೂಸ್ಟು ಹಿಡಿದದ್ದು ಆಚೆಗೆ. ಬೂಸ್ಟಿನದೇ ಕಷ್ಟ. ಒಳ್ಳೆಯ ಎಲೆಯ ಮೇಲೂ ಕೆಲವು ಸಲ ಬಿಳಿ ಪುಡಿ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಮೂಗಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಕೆಟ್ಟ ಎಲೆ ಒಳಗೆ ಉಳಿದರೆ ವಾರದಲ್ಲಿ ಕಟ್ಟೆಲ್ಲ ಹಾಳು.

ಆ ದಿನ ಅಕ್ಕ ಕೂತಲ್ಲಿಂದಲೇ ನನ್ನ ಕಡೆ ಮೂಗು ತಿರುಗಿಸಿ, "ಲೇ ರತ್ನಿ, ನಿನ್ ರಾಶಿಯಾಗೆ ಒಂದು ಐತೆ ನೋಡು, ನಡುವೆ ಎಲ್ಲೋ," ಅಂದಳು. ತಾನು ಕೈ ಹಾಕಲಿಲ್ಲ. ಒಬ್ಬರ ರಾಶಿಗೆ ಇನ್ನೊಬ್ಬರು ಕೈ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಉಣ್ಣುವ ತಟ್ಟೆಗೆ ಕೈ ಹಾಕಿದಷ್ಟು ತಪ್ಪು ಅದು. ನಾನೇ ಹುಡುಕಿದೆ, ಇತ್ತು. ಮಧ್ಯಾಹ್ನ ರೊಟ್ಟಿ ತಿಂದೆವು. ಸಂಜೆ ಅವಳು ದಾರಿಯಲ್ಲಿ ಟೊಮೇಟೊ ಕೊಂಡಳು. ಅಷ್ಟೇ.

ಮೂರು ವಾರ ಕಳೆದ ಮೇಲೆ ಅವಳ ಒಳ್ಳೆಯ ರಾಶಿಯಲ್ಲಿ ಬೂಸ್ಟಿನ ಎಲೆ ಕಂಡೆ.

ಒಂದಲ್ಲ, ನಾಲ್ಕು. ವಾಸನೆ ನನಗೇ ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ಹೇಳೋಣ ಅಂದುಕೊಂಡೆ. ಆದರೆ ಅವತ್ತೇ ಬೆಳಿಗ್ಗೆ ಮೇಸ್ತ್ರಿ, ಬೂಸ್ಟು ಬಿಟ್ಟಳು ಅಂತ ಇನ್ನೊಬ್ಬಳನ್ನು ಆರಿಸುವ ಸಾಲಿನಿಂದ ಎಬ್ಬಿಸಿ, ಎಲೆಯ ನಡುದಂಟು ಕೀಳುವ ಕಡೆಗೆ ಕೂರಿಸಿದ್ದ. ಅದು ಹೊಸಬರ ಕೆಲಸ. ಅಕ್ಕನನ್ನು ಅಲ್ಲಿ ಕೂರಿಸಿದರೆ ಅವಳು ಮಾರನೆಯ ದಿನದಿಂದ ಮನೆ ಬಿಟ್ಟು ಹೊರಡುವುದಿಲ್ಲ ಅಂತ ನನಗೆ ಗೊತ್ತು. ಅವಳು ನಲ್ಲಿಗೆ ನೀರು ಕುಡಿಯಲು ಎದ್ದಾಗ ನಾಲ್ಕೂ ಎಲೆ ತೆಗೆದು ನನ್ನ ಸೀರೆಯ ಕೆಳಗೆ ಇಟ್ಟುಕೊಂಡೆ.

ಮಾರನೆಯ ದಿನವೂ ತೆಗೆದೆ. ಅದರ ಮಾರನೆಯ ದಿನವೂ.

ಮೂರು ತಿಂಗಳು ತೆಗೆದೆ. ಅವಳು ಎದ್ದಾಗಲೆಲ್ಲ ನನ್ನ ಕೈ ಅತ್ತ ಹೋಗುತ್ತಿತ್ತು. ಅವಳ ಕಟ್ಟುಗಳು ಚೊಕ್ಕಟವಾಗಿ ಒಳಗೆ ಹೋಗುತ್ತಿದ್ದವು. ಮೇಸ್ತ್ರಿ, "ತಿಪ್ಪಮ್ಮನ್ನ ನೋಡಿ ಕಲೀರಿ," ಅಂತ ನಮಗೇ ಬೈಯುತ್ತಿದ್ದ. ನನ್ನ ಕೆಲಸ ಹಿಂದೆ ಬಿದ್ದು ನಾನೂ ಬೈಸಿಕೊಂಡೆ.

ಅಷ್ಟರಲ್ಲಿ ಅಕ್ಕ ಬೇರೆ ಥರ ಆಗತೊಡಗಿದ್ದಳು. ಮನೆಯಲ್ಲಿ ಹಾಲು ಸೀದು ಪಾತ್ರೆ ಕರ್ರಗಾದರೂ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳಂತೆ. ಜನ್ಮದಲ್ಲಿ ಹೆಚ್ಚು ಮಾತಾಡದವಳು ಒಂದು ದಿನ ಮೇಸ್ತ್ರಿಗೆ, "ಏನೋ ಮೇಸ್ತ್ರಿ, ನಿನ್ ಮೀಸೆ ಹೊರಸುತ್ತಿಗೋ, ಒಳಗೆ ತುಂಬಕೋ?" ಅಂದುಬಿಟ್ಟಳು. ಶೆಡ್ಡೆಲ್ಲ ನಕ್ಕಿತು. ಮೇಸ್ತ್ರಿಯೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ನನ್ನಕ್ಕ ಗಂಡಸರಿಗೆ ಹಾಗೆ ಅನ್ನುವವಳಲ್ಲ.

ತಲೆನೋವು ಅಂತ ಅವಳೇ ಹೇಳಿದ ಮೇಲೆ ಭಾವ ಓಬಳೇಶಪ್ಪ, ನಾನು ಸೇರಿ ಊರಿನ ಡಾಕ್ಟರಿಗೆ ತೋರಿಸಿದೆವು. ಅವರು ಕೇಳಿದ್ದು ಒಳ್ಳೆಯ ಪ್ರಶ್ನೆಯನ್ನೇ.

"ಮರೆವು ಐತೇನಮ್ಮ? ಕೆಲಸದಾಗೆ ತಪ್ಪು ಮಾಡ್ತಿದಾರಾ?"

ಅಕ್ಕ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು.

"ಇಲ್ಲ ಸಾರ್," ಅಂದೆ. "ಕೆಲಸ ಮೊದಲಿನ ಹಾಗೇ ಮಾಡ್ತಾಳೆ."

ಧೂಳಿನ ಅಲರ್ಜಿ ಅಂದರು. ಮಾತ್ರೆ, ಮೂಗಿಗೆ ಡ್ರಾಪ್ಸ್ ಬರೆದರು. ನಾನು ದಿನಾ ಡ್ರಾಪ್ಸ್ ಹಾಕಿದೆ. ಅಕ್ಕಪಕ್ಕದವರು ನೀಲಗಿರಿ ಎಣ್ಣೆ ಅಂದರು, ಅದನ್ನೂ ಹಾಕಿದೆ. ತಾಳ್ಯದ ನಮ್ಮ ತವರಿನಿಂದ ಬಂದ ಚಿಕ್ಕಮ್ಮ, ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮುತ್ತ ಹೊರಗೆ ಓಡಿದೆವು. ಅಕ್ಕ ಮಾತ್ರ ಹೊಗೆಯ ನಡುವೆ ಆರಾಮಾಗಿ ಕೂತಿದ್ದಳು. "ನೋಡ್ರಿ, ಏನೂ ಇಲ್ಲ ಇವಳಿಗೆ," ಅಂದಳು ಚಿಕ್ಕಮ್ಮ.

ಮುಂದಿನ ಸೋಮವಾರ ಹತ್ತು ಗಂಟೆಗೆ ಅಕ್ಕ ತನ್ನ ರಾಶಿಯ ಮೇಲೇ ಬಿದ್ದಳು. ಫಿಟ್ಸ್. ಕೈಯಲ್ಲಿದ್ದ ಎಲೆ ಮುದ್ದೆಯಾಯಿತು. ಬಿಡಿಸಲು ಇಬ್ಬರು ಬೇಕಾಯಿತು.

ದುರ್ಗದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಮಾಡಿದರು. ಸ್ಕ್ಯಾನಿನವರು ರಿಪೋರ್ಟ್ ಡಾಕ್ಟರ್ ಹತ್ತಿರ ಅಂದರು. ಡಾಕ್ಟರ್ ಇನ್ನೂ ಬಂದಿಲ್ಲ ಅಂದರು. ಅಲ್ಲಿವರೆಗೆ ಆಧಾರ್ ಝೆರಾಕ್ಸ್ ಅಂದರು, ರೇಷನ್ ಕಾರ್ಡ್ ಝೆರಾಕ್ಸ್ ಅಂದರು, ಎರಡೂ ತಂದು ಕೊಟ್ಟ ಮೇಲೆ ಒಂದೇ ಹಾಳೆಯಲ್ಲಿ ಬೇಕಿತ್ತು ಅಂದರು. ಫೈಲ್ ತುಂಬಿಸುವವನು ತಲೆ ಎತ್ತದೆ ಕೇಳಿದ.

"ಪೇಷೆಂಟ್ ತಂಬಾಕು ಹಾಕ್ತಾರಾ?"

"ಹಾಕಲ್ಲ. ಆರಿಸ್ತಾಳೆ."

"ಆರಿಸಿ ಹಾಕ್ಕೊತಾರಾ?"

"ಇಲ್ಲಪ್ಪ, ಆರಿಸಿ ಕೊಡ್ತಾಳೆ. ಚುಟ್ಟ ಮಾಡೋರಿಗೆ."

"ಸರಿ, ಸೇದ್ತಾರೆ."

ಟಿಕ್ ಹಾಕಿದ. ಆಮೇಲೆ ನೋಡಿದ ಪ್ರತಿಯೊಬ್ಬ ಡಾಕ್ಟರೂ ಆ ಟಿಕ್ ನೋಡಿ, "ಯಾಕಮ್ಮ ಇದೆಲ್ಲ ಚಟ?" ಅಂತಲೇ ಶುರು ಮಾಡುತ್ತಿದ್ದರು. ಎಲೆ ಅಡಿಕೆಯನ್ನೂ ಬಾಯಿಗೆ ಇಡದವಳು ನಮ್ಮಕ್ಕ. ಎಷ್ಟು ಸಲ ಹೇಳಿದೆನೋ. ಕೊನೆಗೆ ಭಾವ, "ಬಿಡಮ್ಮ, ಸೇದ್ತಾಳೆ ಅಂತಲೇ ಇರ್ಲಿ, ಮುಂದಿನದು ನೋಡಾಣ," ಅಂದರು. ನನಗೆ ಅದಕ್ಕೂ ಸಿಟ್ಟು ಬಂತು.

ಮೆದುಳಿನ ಮುಂಭಾಗದಲ್ಲಿ ಗಡ್ಡೆ.

ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಆಪರೇಷನ್ ಮಾಡುವ ಡಾಕ್ಟರು, ಕನ್ನಡಕದ ಹೆಂಗಸು, ಅಕ್ಕನ ಮೂಗಿನ ಹತ್ತಿರ ಕಾಫಿಪುಡಿ ಹಿಡಿದರು. ಅಕ್ಕನಿಗೆ ಏನೂ ಗೊತ್ತಾಗಲಿಲ್ಲ. ಆಕೆ ನನ್ನನ್ನು ಹೊರಗೆ ಕರೆದು, "ವಾಸನೆ ಎಷ್ಟು ದಿನದಿಂದ ಗೊತ್ತಾಗ್ತಿಲ್ಲ?" ಅಂದರು.

ಈ ಸಲ ಹೇಳಿದೆ. ಎಲ್ಲ ಹೇಳಿದೆ. ಸೀರೆಯ ಕೆಳಗೆ ಎಲೆ ಬಚ್ಚಿಟ್ಟದ್ದನ್ನೂ ಹೇಳಿದೆ. ಆಕೆ ಬರೆದುಕೊಂಡರು.

"ಮೊದಲೇ ಹೇಳಿದ್ರೆ ವಾಸಿ ಆಗ್ತಿತ್ತಾ ಮೇಡಂ?"

"ಅದನ್ನ ಹೇಳೋಕಾಗಲ್ಲಮ್ಮ. ಈ ಜಾತಿ ಗಡ್ಡೆ ಬೇಗ ಬೆಳೆಯುತ್ತೆ. ಸ್ವಲ್ಪ ಟೈಮ್ ಸಿಗ್ತಿತ್ತೇನೋ. ಸಿಗದೇನೂ ಇರಬಹುದಿತ್ತು."

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಯಾವುದಾದರೂ ಒಂದನ್ನು ಹೇಳಬಹುದಿತ್ತು ಆಕೆ.

ಆಪರೇಷನ್ ಆಯಿತು. ರೇಡಿಯೇಷನ್ ಕೊಟ್ಟರು. ಗಡ್ಡೆ ಪೂರ್ತಿ ತೆಗೆಯಲಿಕ್ಕೆ ಆಗಿಲ್ಲ ಅಂತ ಆಗಲೇ ಹೇಳಿದ್ದರು. ಮನೆಗೆ ಬಂದ ಮೇಲೆ ಕೆಲವು ವಾರ ಅಕ್ಕ ಚೆನ್ನಾಗಿಯೇ ಇದ್ದಳು. ಮಾತು ಸ್ವಚ್ಛ ಇತ್ತು, ಹಳೆಯ ಬಿಗಿ ವಾಪಸ್ ಬಂದಿತ್ತು. ನಾನು ಕೆಲಸಕ್ಕೆ ರಜೆ ಹಾಕಿ ಅವಳ ಹತ್ತಿರವೇ ಇದ್ದೆ. ಒಂದು ಮಧ್ಯಾಹ್ನ ಬಾಗಿಲ ಮುಂದೆ ಚಾಪೆಯ ಮೇಲೆ ಕೂತು, ತಲೆಗೆ ಟವೆಲ್ ಸುತ್ತಿಕೊಂಡು, "ಇಪ್ಪತ್ತಾರು ವರ್ಸದಾಗೆ ನನ್ ಕಟ್ಟು ಒಂದೂ ವಾಪಸ್ ಬಂದಿಲ್ಲ ಕಣೇ," ಅಂದಳು. "ಬೀಳೋ ದಿನದ ತನಕ."

ಸುಮ್ಮನಿರಬೇಕಿತ್ತು. ಆದರೆ ನಾನು ಎಷ್ಟು ದಿನದಿಂದ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೆನೆಂದರೆ, ಅವಳು ಬೈದರೂ ಸರಿ, ಬೈದು ಮುಗಿದುಬಿಡಲಿ ಅನ್ನಿಸಿತು. ಬೂಸ್ಟಿನ ಎಲೆ ತೆಗೆದದ್ದನ್ನು ಹೇಳಿದೆ. ಡಾಕ್ಟರ ಮುಂದೆ ಸುಳ್ಳು ಹೇಳಿದ್ದನ್ನೂ ಹೇಳಿದೆ.

"ಎಷ್ಟು ದಿನ?"

"ಮೂರು ತಿಂಗಳು."

"ದಿನಾ?"

"ದಿನಾ."

"ನಾನು ನಲ್ಲಿಗೆ ಹೋದಾಗ?"

"ಹ್ಞೂಂ."

ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾಳೆ ಅಂತ ಕಾದೆ. ಅದಕ್ಕೆ ಉತ್ತರ ಹೊಂದಿಸಿಕೊಂಡಿದ್ದೆ. ಅವಳು ಅದನ್ನು ಕೇಳಲೇ ಇಲ್ಲ.

"ನನ್ ರಾಶಿಗೆ ಕೈ ಹಾಕಿದ್ಯಾ?" ಅಂದಳು.

ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು. ತಿಂಗಳುಗಳ ಲೆಕ್ಕದಲ್ಲಿ ಬದುಕಿದ್ದವಳು ನಾಲ್ಕು ದಿನ ಹಾಗೆ ಹಾಳು ಮಾಡಿದಳು. ನಾನು ಎದುರಿಗೇ ಚಮಚ ಹಿಡಿದು ಕೂತಿದ್ದರೆ ಅವಳು ಗಂಡನ ಕಡೆ ತಿರುಗಿ, "ಅವಳಿಗೆ ಹೇಳ್ರಿ, ಗಂಜಿ ಸುಡ್ತೈತೆ," ಅನ್ನುತ್ತಿದ್ದಳು.

"ನಾನೇನು ಪೋಸ್ಟ್‌ಮ್ಯಾನಾ?" ಅಂದರು ಭಾವ. "ಮೂರಡಿ ದೂರ ಐತೆ ನಿಮ್ಮಿಬ್ಬರ ಬಾಯಿ. ನೀವೇ ಮಾತಾಡ್ಕಳ್ರಿ."

"ಆರಿಸಿ ಕುಡಿಸ್ತೀನಿ ಅಂತ ಹೇಳ್ರಿ ಭಾವ," ಅಂದೆ ನಾನೂ. ನನಗೂ ಹಟ ಬಂದಿತ್ತು. ಮೂರು ತಿಂಗಳು ಅವಳಿಗಾಗಿ ಬೈಸಿಕೊಂಡವಳು ನಾನು, ಅವಳ ತಲೆ ತೊಳೆಯುವವಳು, ಬಟ್ಟೆ ಬದಲಾಯಿಸುವವಳು ನಾನು. ಎಲೆಯದ್ದೇ ದೊಡ್ಡದಾಯಿತಾ ಇವಳಿಗೆ? ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಇಟ್ಟೆ. ಅಲ್ಲೇ ಕೂತು ಅತ್ತೆ.

ಐದನೆಯ ದಿನ ಬೆಳಿಗ್ಗೆ, "ಬೆನ್ನು ಕೆರಿ," ಅಂದಳು. ನನಗೇ ಅಂದಳು. ಕೆರೆದೆ. ಅವರೆಕಾಯಿ ಬಂದವಾ ಸಂತೆಗೆ, ಅಂತ ಕೇಳಿದಳು. ಬಂದಿವೆ ಅಂದೆ. ಹಿಸುಕಿ ಸಾರು ಮಾಡು ಅಂದಳು. ಮಾಡಿದೆ. ರುಚಿ ಗೊತ್ತಾಗಲ್ಲ ಅಂತ ಬೈದುಕೊಂಡೇ ಎರಡು ಸಲ ಹಾಕಿಸಿಕೊಂಡಳು. ಹಾಗೆ ಇನ್ನೂ ಐದು ವಾರ ಮಾತಾಡಿದೆವು, ರಾಶಿಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ. ಆಮೇಲೆ ಅವಳ ಮಾತು ತಡವರಿಸಿತು, ನಿದ್ದೆ ಹೆಚ್ಚಾಯಿತು. ಒಂದು ಬೆಳಿಗ್ಗೆ ಎಂಟು ಗಂಟೆಗೆ ಭಾವನ ಕೈ ಹಿಡಿದುಕೊಂಡೇ ಹೋದಳು. ನೋವಿಗೆ ಮಾತ್ರೆ ಕೊಟ್ಟು ಕಳಿಸಿದ್ದ ಬೆಂಗಳೂರಿನ ಡಾಕ್ಟರನ್ನು ಅವತ್ತು ನೆನೆದೆ. ನೋವು ಹೆಚ್ಚಿರಲಿಲ್ಲ. ಆ ಐದು ವಾರ ಸಿಕ್ಕಿದ್ದೂ ಕಡಿಮೆಯೇನಲ್ಲ.

ಈಗ ಮತ್ತೆ ಶೆಡ್ಡಿಗೆ ಹೋಗುತ್ತಿದ್ದೇನೆ. ಯಾರಾದರೂ ಎರಡು ಸಲ ಸೀನಿದರೂ, "ವಾಸನೆ ಬರ್ತೈತಾ?" ಅಂತ ಕೇಳುತ್ತೇನೆ. "ನಿನ್ ಕಾಟ ಬರ್ತೈತೆ," ಅನ್ನುತ್ತಾರೆ. ಬೇಜಾರಾಗಿದೆ ಎಲ್ಲರಿಗೂ. ಕೇಳುವುದನ್ನು ಬಿಟ್ಟಿಲ್ಲ.

ನಾನು ಮಾಡಿದ್ದು ಎಷ್ಟು ತಪ್ಪು ಅಂತ ಆ ಡಾಕ್ಟರಿಂದಲೂ ಹೇಳಲಿಕ್ಕೆ ಆಗಲಿಲ್ಲ. ನಿನ್ ತಪ್ಪಲ್ಲ ಬಿಡಮ್ಮ, ಅಂತ ಭಾವ ಹೇಳುತ್ತಾರೆ, ಅವರು ಯಾರಿಗಾದರೂ ಹಾಗೇ ಹೇಳುವ ಮನುಷ್ಯ. ಹೇಳಬೇಕಾದವಳು ಅಕ್ಕ. ಅವಳು ಸಿಟ್ಟು ಮಾಡಿದಳು, ಮಾತು ಬಿಟ್ಟಳು, ಮತ್ತೆ ಮಾತಾಡಿದಳು. ಹೋಗ್ಲಿ ಬಿಡು ಅಂತ ಮಾತ್ರ ಅನ್ನಲಿಲ್ಲ.