ಪಂಪಿನ ಕೆಲಸಕ್ಕೆ ನಾನು ಹೇಳಿದ ಹೆಸರು

ಚೆಟ್ಟಳ್ಳಿ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಯಾರು ಕೆಲಸಕ್ಕೆ ಬಂದರು, ಯಾವ ಕಡೆ ಹೋದರು, ಎಷ್ಟು ಹಣ್ಣು ಕೊಯ್ದರು ಎಂದು ಬರೆದಿಡುವವಳು ನಾನು. ಈಗೀಗ ಪಿಕಿಂಗಿಗೆ ಇಲ್ಲಿಯ ಜನ ಸಾಲುವುದಿಲ್ಲ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಗುಂಪುಗುಂಪಾಗಿ ಬಂದು, ಕೂಲಿಯವರ ಸಾಲುಮನೆಗಳಾದ ಲೈನಿನಲ್ಲಿ ಉಳಿದು, ಸೀಸನ್ ಮುಗಿದ ಮೇಲೆ ಹೊರಟುಹೋಗುತ್ತಾರೆ. ಹಾಗೆ ಬಂದವರಲ್ಲಿ ಜಾರ್ಖಂಡಿನ ಒಬ್ಬ ಗಂಡ ಹೆಂಡತಿಯ ವಿಷಯ ಇದು.

ಹೆಂಡತಿ ಚುರುಕು. ಎರಡೇ ತಿಂಗಳಲ್ಲಿ ಕನ್ನಡ ಕಲಿತು, ಲೈನಿನ ತಮಿಳು ಹೆಂಗಸರ ಜೊತೆಯೂ ಹೇಗೋ ಮಾತಾಡುತ್ತಿದ್ದಳು. ಗಂಡನಿಗೆ ನಲವತ್ತು ದಾಟಿತ್ತು, ಸದಾ ಕೆಮ್ಮು. ಕಾಫಿ ರೆಂಬೆಯನ್ನು ಎಲ್ಲಿ ಮುರಿದುಹೋಗುತ್ತದೋ ಎಂಬಂತೆ ಹಿಡಿಯುತ್ತಿದ್ದ. ಹೆಂಡತಿ ಎರಡು ಚೀಲ ತುಂಬುವಾಗ ಅವನದು ಒಂದೂ ತುಂಬಿರುತ್ತಿರಲಿಲ್ಲ. ಇವನನ್ನು ಯಾಕೆ ಕರಕೊಂಡು ಬಂದರೋ ಎಂದು ನಾನೇ ಒಂದೆರಡು ಸಲ ಗೊಣಗಿದ್ದೇನೆ.

ಫೆಬ್ರವರಿ ಕೊನೆಗೆ ಹೂ ಅರಳಿಸಲು ತೋಟಕ್ಕೆ ನೀರು ಹಾರಿಸುವ ಹೊತ್ತು. ಆ ವರ್ಷ ಮಳೆ ಬಂದಿರಲಿಲ್ಲ. ಕೆರೆಯ ಹತ್ತಿರದ ಡೀಸೆಲ್ ಪಂಪು ಓಡುತ್ತಿತ್ತು, ನೀರು ಮಾತ್ರ ಎತ್ತುತ್ತಿರಲಿಲ್ಲ. ಸುಂಟಿಕೊಪ್ಪದ ಮೆಕ್ಯಾನಿಕ್ ನಾಳೆ ಬರುತ್ತೇನೆ ಎಂದು ಮೂರು ದಿನ ಕಳೆದಿದ್ದ. ಸಾಹುಕಾರರು ಕೆರೆ ಏರಿಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು. ಆಗ ಆ ಜಾರ್ಖಂಡಿನವನು ಚೀಲ ಕೆಳಗಿಟ್ಟು ಬಂದು, ಯಾರನ್ನೂ ಕೇಳದೆ ಪೈಪಿನ ಪಕ್ಕ ಮಲಗಿ ಕಿವಿಯಿಟ್ಟ.

"ಹವಾ," ಎಂದ. ಗಾಳಿ ಎಳೆಯುತ್ತಿದ್ದ ಒಂದು ಜಾಯಿಂಟ್ ತೋರಿಸಿ, ಸೈಕಲ್ ಟ್ಯೂಬ್ ಬೇಕು ಎಂದು ಕೈಸನ್ನೆ ಮಾಡಿದ.

ಹಳೆಯ ಟ್ಯೂಬ್ ಸೀಳಿ ಜಾಯಿಂಟಿಗೆ ಬಿಗಿಯಾಗಿ ಸುತ್ತಿದ. ಸಗಣಿ ಕದಡಿದ ನೀರನ್ನು ಪಂಪಿಗೆ ಹೊಯ್ದು ಇಂಜಿನ್ ಸ್ಟಾರ್ಟ್ ಮಾಡಿದ. ಸ್ವಲ್ಪ ಹೊತ್ತಿಗೆ ಮೇಲಿನ ಗುಡ್ಡದಲ್ಲಿ ನೀರು ಹಾರಿಸುವ ಜೆಟ್ ತಿರುಗತೊಡಗಿತು. ಅವನು ಕೈ ಒರೆಸಿಕೊಂಡು ಮತ್ತೆ ಚೀಲ ಎತ್ತಿಕೊಂಡು ಹೊರಟ.

ನಾನು ಹಿಂದೆಯೇ ಹೋಗಿ ಟಿವಿ ನೋಡಿ ಕಲಿತ ನನ್ನ ಹಿಂದಿಯಲ್ಲಿ ಕೇಳಿದೆ. ಅವನು ಹೇಳಿದ್ದು ಇಷ್ಟು. ಅವರದು ಕಲ್ಲಿದ್ದಲಿನ ಊರು. ಗಣಿಯ ತಳದಲ್ಲಿ ನೀರು ಒಸರುತ್ತಲೇ ಇರುತ್ತದೆ, ಅದನ್ನು ಮೇಲೆತ್ತುವ ಪಂಪು ನೋಡಿಕೊಳ್ಳುವುದು ಇವನ ಕೆಲಸ. ಅದು ನಿಂತರೆ ಕೆಳಗಿರುವವರು ಮುಳುಗುತ್ತಾರೆ. ಹದಿನೆಂಟು ವರ್ಷ ನೋಡಿಕೊಂಡ, ಆದರೆ ಗುತ್ತಿಗೆ ಕೆಲಸದವನಾಗಿಯೇ. ಗಣಿ ಮುಚ್ಚಿದಾಗ ಖಾಯಂ ಆದವರನ್ನು ಬೇರೆ ಗಣಿಗೆ ಕಳಿಸಿದರು. ಇವನಂಥವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

"ಕೊನೆಗೆ ಪಂಪು ನಿಲ್ಲಿಸಿದ್ದು ನಾನೇ. ಆಫ್ ಮಾಡು ಅಂದರು, ಮಾಡಿದೆ. ಆಮೇಲೆ ನೀರು ತುಂಬುವುದನ್ನು ದಿನಾ ಹೋಗಿ ನೋಡುತ್ತಿದ್ದೆ," ಎಂದ.

ಮಾರ್ಚಿನಲ್ಲಿ ಸಾಹುಕಾರರು ಡೀಸೆಲ್ ಪಂಪು ತೆಗೆದು ಸೋಲಾರ್ ಹಾಕಿಸುವುದೆಂದು ತೀರ್ಮಾನಿಸಿದರು. ಹಾಕುವ ಕಂಪನಿಯ ಇಂಜಿನಿಯರ್ ಬಂದು ಜಾಗ ಅಳೆದು, ಒಬ್ಬರಿಗೆ ಕೆಲಸ ಕಲಿಸಿಕೊಡುತ್ತೇನೆ, ವರ್ಷವಿಡೀ ತೋಟದಲ್ಲೇ ಇರುವವರು ಬೇಕು ಎಂದ. ಸಾಹುಕಾರರು ನನ್ನ ಕಡೆ ತಿರುಗಿ, "ಖಾಯಂ ಮಾಡಿಕೊಳ್ಳುವ, ಲೈನಿನಲ್ಲಿ ಒಂದು ಮನೆಯನ್ನೂ ಕೊಡುವ. ಯಾರಾಗ್ಬಹುದು ಅಂತ ನೋಡಿ ಹೇಳಿ," ಎಂದರು.

ಆ ಕ್ಷಣ ನನ್ನ ಬಾಯಿಗೆ ಬಂದದ್ದು ಜಾರ್ಖಂಡಿನವನ ವಿಷಯವೇ. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದೆ. ಅದೇ ತಪ್ಪಾಯಿತು.

ಮನೆಯಲ್ಲಿ ನಾದಿನಿ ಬಂದು ಕೂತಿದ್ದಳು. ಅವಳ ಗಂಡ ಓಡಿಸುತ್ತಿದ್ದ ಜೀಪನ್ನು ಮಾಲೀಕರು ಮಾರಿಬಿಟ್ಟಿದ್ದರು, ಅವನಿಗೆ ಎರಡು ತಿಂಗಳಿಂದ ಕೆಲಸವಿರಲಿಲ್ಲ. ಸೋಲಾರ್ ಸುದ್ದಿ ನನಗಿಂತ ಮೊದಲೇ ಅವಳಿಗೆ ಮುಟ್ಟಿತ್ತು.

"ಅತ್ತಿಗೆ, ನೀವೊಂದು ಮಾತು ಹೇಳಿದ್ರೆ ಆಗ್ತದೆ. ಮನೆಯವ್ರಿಗಿಲ್ಲದ್ದು ಎಲ್ಲಿಂದಲೋ ಬಂದವ್ರಿಗೆ ಯಾಕೆ?"

ನನ್ನ ಗಂಡ ಊಟ ಮಾಡುತ್ತಾ ನನ್ನ ಮುಖ ನೋಡಿದರು, ಅಷ್ಟೇ. ಮರುದಿನ ನಾನು ನಾದಿನಿಯ ಗಂಡನ ಹೆಸರು ಹೇಳಿದೆ. ಸಾಹುಕಾರರು, "ಆ ಜಾರ್ಖಂಡಿನವನು ಆಗ್ತಿರಲಿಲ್ವಾ?" ಎಂದು ಕೇಳಿದರು. "ಅವ್ರು ಪಿಕಿಂಗಿಗೆ ಬಂದವ್ರು ಸರ್, ನಿಲ್ಲೋದಿಲ್ಲ," ಎಂದೆ. ಅವನು ನಿಲ್ಲುತ್ತಾನೋ ಇಲ್ಲವೋ ಎಂದು ನಾನು ಕೇಳಿಯೇ ಇರಲಿಲ್ಲ.

ಅವನಾಗಿಯೇ ಒಂದು ದಿನ ಆಫೀಸಿನ ಬಾಗಿಲಿಗೆ ಬಂದು, ಹೊಸ ಪಂಪಿಗೆ ಜನ ಬೇಕಂತೆ, ನಾವಿಬ್ಬರೂ ಇಲ್ಲೇ ಉಳಿಯುತ್ತೇವೆ ಎಂದ. ಅಂಗಿ ಒಗೆದು ಹಾಕಿಕೊಂಡಿದ್ದ. ನಾನು, ಸಾಹುಕಾರರು ಬೇರೆಯವರನ್ನು ನೋಡಿ ಆಗಿದೆ ಎಂದು ಹೇಳಿ ಪುಸ್ತಕದಲ್ಲಿ ಮುಖ ಹುದುಗಿಸಿದೆ. "ಅಚ್ಛಾ," ಎಂದು ಹೊರಟುಹೋದ. ಏಪ್ರಿಲಿನಲ್ಲಿ ಇಬ್ಬರೂ ಉಳಿದವರ ಜೊತೆ ರೈಲು ಹತ್ತಿದರು. ಕೆರೆಯ ಪಕ್ಕ ಸೋಲಾರ್ ಫಲಕಗಳನ್ನು ನಿಲ್ಲಿಸಿದ್ದು ಅದಾಗಿ ಒಂದು ವಾರಕ್ಕೆ.

ನಾದಿನಿಯ ಗಂಡ ಮಳೆಗಾಲದ ನಡುವೆ ಕೆಲಸ ಬಿಟ್ಟ. ಕುಟ್ಟದಲ್ಲಿ ಓಡಿಸಲು ಜೀಪ್ ಸಿಕ್ಕಿತ್ತು. ಕೆರೆ ಹತ್ತಿರ ಒಬ್ಬನೇ ಕೂತು ಬೇಜಾರು ಎನ್ನುತ್ತಿದ್ದವನು, ಕರೆ ಬಂದ ದಿನವೇ ಹೊರಟ. ಅವನನ್ನು ಬೈದು ಏನು ಪ್ರಯೋಜನ, ಅವನು ಆ ಕೆಲಸ ಬೇಕೆಂದು ಬಾಯಿಬಿಟ್ಟು ಕೇಳಿಯೂ ಇರಲಿಲ್ಲ.

ಜಾರ್ಖಂಡಿನವನ ಫೋನ್ ನಂಬರ್ ನನ್ನ ಹತ್ತಿರ ಇತ್ತು. ಮಾಡಬೇಕು ಎಂದುಕೊಂಡೆ. ಮಾಡಿದರೆ ಮೊದಲು ಯಾಕೆ ಆಗಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದಲ್ಲ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಸಾಹುಕಾರರು ನಿರ್ವಹಣೆಯನ್ನು ಕಂಪನಿಗೇ ವಹಿಸಿಬಿಟ್ಟರು. ಈಗ ಏನಾದರೂ ಕೆಟ್ಟರೆ ಕುಶಾಲನಗರದಿಂದ ಬೈಕಿನಲ್ಲಿ ಒಬ್ಬ ಬರುತ್ತಾನೆ.

ಡಿಸೆಂಬರಿನಲ್ಲಿ ಹೊಸ ಗುಂಪು ಜೀಪಿನಿಂದ ಇಳಿಯುವಾಗ ಅವನ ಹೆಂಡತಿಯೊಬ್ಬಳೇ ಕಂಡಳು. ಗಂಡ ಎಲ್ಲಿ ಎಂದು ಕೇಳಿದೆ.

"ಊರಲ್ಲೇ ಇದ್ದಾನೆ ದೀದಿ. ಗಣಿ ಇತ್ತಲ್ಲ, ಅದರಿಂದ ತೆಗೆದ ಮಣ್ಣು ಪಕ್ಕದಲ್ಲಿ ಸುರಿದಿದ್ರಲ್ಲ, ಅದರ ಮೇಲೆ ಸೋಲಾರ್ ಹಾಕಿದ್ದಾರೆ. ತುಂಬಾ ದೂರದವರೆಗೆ ಹಾಕಿದ್ದಾರೆ. ಅದನ್ನ ತೊಳೀತಾನೆ."

ಫೋನಿನಲ್ಲಿ ವಿಡಿಯೊ ತೋರಿಸಿದಳು. ಉದ್ದ ಕೋಲಿಗೆ ಬಟ್ಟೆ ಕಟ್ಟಿಕೊಂಡು ಅವನು ಗಾಜು ಒರೆಸುತ್ತಿದ್ದ. ಮುಖಕ್ಕೆ ಟವೆಲ್ ಸುತ್ತಿದ್ದರೂ ಕೆಮ್ಮುವುದು ಕೇಳುತ್ತಿತ್ತು.

"ಒಳ್ಳೇದಾಯ್ತಲ್ಲ," ಎಂದೆ.

"ವಾರಕ್ಕೆ ಎರಡು ದಿನ ಕೆಲಸ. ಊರು ತುಂಬ ಜನ ಇದ್ದಾರೆ, ತೊಳೆಯೋಕೆ ಎಷ್ಟು ಜನ ಬೇಕು? ಅವನು ಬಿಟ್ಟು ಬಂದ್ರೆ ಆ ಎರಡು ದಿನಕ್ಕೂ ಬೇರೆಯವ್ರು ಬರ್ತಾರೆ. ಅದಕ್ಕೆ ಅವನು ಅಲ್ಲಿ, ನಾನು ಇಲ್ಲಿ."

ಒಂದು ತಿಂಗಳು ಹೇಳದೆ ಇದ್ದೆ. ಜನವರಿಯಲ್ಲಿ ಒಂದು ಮಧ್ಯಾಹ್ನ ಕಣದಲ್ಲಿ ಅವಳೊಬ್ಬಳೇ ಹಲಗೆಯಿಂದ ಕಾಫಿ ಹರಡುತ್ತಿದ್ದಾಗ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಸಾಹುಕಾರರು ಅವನ ಬಗ್ಗೆ ಕೇಳಿದ್ದರು, ಬೇಡ ಎಂದವಳು ನಾನು ಎಂದೂ ಹೇಳಿದೆ. ಅವಳು ಹಲಗೆ ಎಳೆಯುವುದನ್ನು ನಿಲ್ಲಿಸಿದಳು.

"ಅವನಿಗೆ ಹೇಳ್ಬೇಡಿ," ಎಂದಳು. "ನಿಮ್ಮನ್ನ ಒಳ್ಳೇವ್ರು ಅಂತಾನೆ. ಕೆಲಸ ಸಿಗದಿದ್ರೂ ಮರ್ಯಾದೆಯಿಂದ ಮಾತಾಡಿದ್ರು ಅಂತಾನೆ."

ಇನ್ನೇನಾದರೂ ಕೆಲಸ ಇದೆಯಾ ಎಂದು ಸಾಹುಕಾರರನ್ನು ಕೇಳುತ್ತೇನೆ ಎಂದೆ. ಅವಳು ಮತ್ತೆ ಹಲಗೆ ಎಳೆಯತೊಡಗಿದಳು. ನಾನು ಕೇಳಿದ್ದೂ ಹೌದು. ಕಂಪನಿಯ ಕರಾರು ಇನ್ನೂ ನಾಲ್ಕು ವರ್ಷ ಇದೆ, ಆಮೇಲೆ ನೋಡುವ ಎಂದರು.

ಅದನ್ನು ಅವಳಿಗೆ ತಿಳಿಸಿದಾಗ ಸಂಜೆಯಾಗುತ್ತಿತ್ತು. ಕಾಫಿಯನ್ನು ರಾಶಿ ಮಾಡಿ ಟಾರ್ಪಾಲ್ ಎಳೆಯುತ್ತಿದ್ದಳು. "ಆ ಕಡೆ ಹಿಡೀರಿ," ಎಂದಳು. ನಾನು ಪುಸ್ತಕ ಕೆಳಗಿಟ್ಟು ಇನ್ನೊಂದು ತುದಿ ಹಿಡಿದುಕೊಂಡೆ.