ನಾನೂರೊಂದನೇ ಆಟ

ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದುತ್ತಿದ್ದೆ. ಎರಡೂ ಕೈ ಹಿಟ್ಟಿನಲ್ಲಿದ್ದವು. ಫೋನು ಬಂತು; ಮಗಳು ಅದನ್ನು ನನ್ನ ಕಿವಿಗೆ ಹಿಡಿದಳು. ಕುಕನೂರು ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಮಾರುವಾಕೆ ಮಾತಾಡಿದಳು: "ಅಕ್ಕಾರ, ಗಡಿಯಾರದಂಗಡಿ ಅಣ್ಣಾರು ಹೋದ್ರು. ಮುಂಜಾನೆ ಚಾ ಕುಡದು ಕುಂತಿದ್ರಂತ, ಹಂಗಽ ಹೋಗ್ಯಾರ."

"ಹೌದಾ" ಎಂದೆ. ಅಳು ಬರಲಿಲ್ಲ. ಅವರು ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಚಹಾವನ್ನಾದರೂ ಕುಡಿದಿದ್ದರು. ಅಷ್ಟಾದರೂ ದೇವರು ನಡೆಸಿಕೊಟ್ಟ ಅಂದುಕೊಂಡೆ. ಕಣ್ಣ ಮುಂದೆ ಅವರ ಬಲಗೈ ಹೆಬ್ಬೆರಳೊಂದೇ ಬಂತು. ವಿಡಿಯೊ ಗೇಮಿನ ಗುಂಡಿ ಒತ್ತಿ ಒತ್ತಿ ಅದರ ತುದಿ ಚಪ್ಪಟೆಯಾಗಿ, ಸವೆದ ನಾಣ್ಯದ ಹಾಗೆ ಹೊಳೆಯುತ್ತಿತ್ತು.

ಗಡಿಯಾರ ರಿಪೇರಿ ಅವರ ಕಸುಬು. ಮೊಬೈಲು ಬಂದ ಮೇಲೆ ಗಡಿಯಾರ ತರುವವರು ಕಡಿಮೆಯಾದರು. ಆಗ ಅಂಗೈಯಗಲದ ವಿಡಿಯೊ ಗೇಮುಗಳನ್ನೂ ಮಾರಾಟಕ್ಕೆ ಇಟ್ಟರು. ಡಬ್ಬಿಯ ಮೇಲೆ ನಾನೂರು ಆಟ ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಕೊಡುವ ಮುಂಚೆ ಅವರೇ ಹೇಳಿಬಿಡುತ್ತಿದ್ದರು: "ನಂಬಬ್ಯಾಡ್ರಿ. ಒಂದೂ ಬಿಡದಂಗ ಆಡಿ ನೋಡೇನಿ. ನೂರೋ ನೂರಾ ಹತ್ತೋ ಖರೇವು. ಉಳದುವು ಅವಽ ಆಟ, ಅಂಗಿ ಬದ್ಲಿ ಮಾಡ್ಯಾರ." ಬಂದವರು ನಕ್ಕು ಮುಂದೆ ಹೋಗುತ್ತಿದ್ದರು.

ನನ್ನ ಮಗಳು ಐದನೇ ಈಯತ್ತೆ ಓದುತ್ತಿದ್ದಾಗ ಮೆಟ್ಟಿಲಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ತಲೆಗೆ ಪೆಟ್ಟಾಗಲಿಲ್ಲ, ಅದು ಹನುಮಪ್ಪನ ದಯೆ. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳು ಮಡಚುತ್ತಿರಲಿಲ್ಲ. ಆಡಿಸದಿದ್ದರೆ ಹೀಗೇ ಸೆಟೆದು ಉಳಿಯುತ್ತವೆ ಎಂದರು ಡಾಕ್ಟರು. ನೋವಿಗೆ ಹೆದರಿ ಅವಳು ಕೈಯನ್ನು ಹೊಟ್ಟೆಗೆ ಅವಚಿಕೊಂಡೇ ಇರುತ್ತಿದ್ದಳು. ಮುಟ್ಟಲು ಹೋದರೆ ಚೀರುತ್ತಿದ್ದಳು.

ಕೊಪ್ಪಳದ ಆಸ್ಪತ್ರೆಯಿಂದ ಬರುವಾಗ ಒಂದು ದಿನ ಕುಕನೂರಿನಲ್ಲಿ ಬಸ್ಸಿಳಿದು, ನೆರಳಿಗೆಂದು ಆ ಅಂಗಡಿಯ ಕಟ್ಟೆಯ ಮೇಲೆ ಕುಳಿತೆವು. ಹೊಟ್ಟೆಗೆ ಅವಚಿಕೊಂಡ ಮಗಳ ಕೈಯನ್ನು ಅವರು ನೋಡಿದರು. ತಾವು ಆಡುತ್ತಿದ್ದ ಗೇಮನ್ನೇ ಅವಳ ಮುಂದೆ ಹಿಡಿದರು.

"ಅವ್ವಿ, ಈ ಕಪ್ಪಿ ರಸ್ತಾ ದಾಟಬೇಕು. ನನ್ನ ಕೈಯಾಗ ಬರೇ ಲಾರಿ ಕೆಳಗ ಹೊಂಟೈತಿ. ನೀನರ ದಾಟಿಸು."

ಎಷ್ಟೋ ದಿನದ ಮೇಲೆ ಅವಳು ನಕ್ಕಳು. ಹೆಬ್ಬೆರಳು ಒಂದು ಕೂದಲೆಳೆಯಷ್ಟು ಬಾಗಿತು. ನಾನು ನೋಡಿದೆ, ಅವರೂ ನೋಡಿದರು.

ಗೇಮನ್ನು ಮನೆಗೇ ಕೊಟ್ಟು ಕಳಿಸಿದರು, ಜೊತೆಗೊಂದು ಚೀಟಿ. ಹೆಬ್ಬೆರಳಿಗೆ ಕಪ್ಪೆ ಮತ್ತು ಇಟ್ಟಿಗೆ ಜೋಡಿಸುವುದು, ತೋರುಬೆರಳಿಗೆ ವಿಮಾನ, ಎರಡೂ ಕೈ ಒಟ್ಟಿಗೆ ಆಡತೊಡಗಿದ ಮೇಲೆ ಕಾರು. ಎಲ್ಲದಕ್ಕೂ ಅದರದರ ನಂಬರು.

"ಅಣ್ಣಾರ, ಆಟದ ಚಟ ಹತ್ತಿದ್ರ?" ಎಂದೆ.

"ಹತ್ತಲಿ ಬಿಡ್ರಿ ಅಕ್ಕಾರ. ಚಟ ಬಿಡಸಬೋದು. ಬೆರಳು ನಿಂದ್ರಬಾರ್ದು."

ಶನಿವಾರ ಹನುಮಪ್ಪನ ಗುಡಿಗೆ ಹೋಗಿ ಅಲ್ಲಿಂದ ಅಂಗಡಿಗೆ ಹೋಗುತ್ತಿದ್ದೆವು. ಅವರು ಬೆರಳು ಹಿಡಿದು ನೋಡಿ ಚೀಟಿ ಬದಲಿಸುತ್ತಿದ್ದರು.

ಮಹಾನವಮಿ ಬಂತು. ಕುಡಗೋಲು, ಈಳಿಗೆಮಣೆ, ಹೊಲಿಗೆ ಮಷಿನ್ ಎಲ್ಲ ಪೂಜೆಗಿಟ್ಟೆ. ಮಗಳ ಆಯುಧ ಇದೇ ಅಲ್ಲವೇ ಎಂದು ಗೇಮನ್ನೂ ಇಟ್ಟೆ. ಎಲ್ಲದಕ್ಕೂ ಮಾಡಿದಂತೆ ಅದಕ್ಕೂ ನೀರು ಚಿಮುಕಿಸಿ, ವಿಭೂತಿ ಕುಂಕುಮ ಹಚ್ಚಿದೆ. ಮರುದಿನ ಒಂದು ಗುಂಡಿಯೂ ಒತ್ತಲು ಬರಲಿಲ್ಲ. ಬೆರಳು ಆಗಷ್ಟೇ ಅರ್ಧ ಮಡಚುತ್ತಿದ್ದವು. ನನ್ನ ಕೈಯಾರೆ ನಿಲ್ಲಿಸಿದೆನಲ್ಲಾ ಎಂದು ಮಗಳನ್ನು ಕರೆದುಕೊಂಡು ಅಂಗಡಿಗೆ ಓಡಿದೆ.

ಅವರು ಅದನ್ನು ಬಿಚ್ಚಿ ನೋಡಿ ನಕ್ಕರು. "ಅಕ್ಕಾರ, ಕೈ ಮುಗದ್ರ ಸಾಕಿತ್ತಲ್ರಿ! ಜಳಕಾ ಮಾಡಿಸಿ, ಕುಂಕುಮ ಹಚ್ಚಿ ಮುತ್ತೈದಿ ಮಾಡಿಬಿಟ್ಟೀರಿ."

ತಮ್ಮ ಇನ್ನೊಂದು ಗೇಮನ್ನು ಮಗಳ ಕೈಗೆ ಕೊಟ್ಟರು. "ನೀ ನಿಂದರಬ್ಯಾಡ, ಆಡು." ಮಧ್ಯಾಹ್ನದ ಬುತ್ತಿ ಬಿಚ್ಚದೆ, ಸಣ್ಣ ಬ್ರಷ್ಷಿನಿಂದ ಕುಂಕುಮ ತೆಗೆಯುತ್ತ ಕುಳಿತರು. ಗುಂಡಿಗಳು ಬಿಟ್ಟುಕೊಂಡವು. ಡಬ್ಬಿಯ ಸಂದಿನಲ್ಲಿ ಒಂದು ಕೆಂಪು ಗೆರೆ ಮಾತ್ರ ಹೋಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮಗಳು ಮುಷ್ಟಿ ಬಿಗಿದಳು. ಗೇಮು ಹಿಂದಕ್ಕೆ ಕೊಟ್ಟೆವು. ಮುಂದೊಮ್ಮೆ ಅದೇ ಕಟ್ಟೆಯ ಮೇಲೆ, ಲಕ್ವ ಹೊಡೆದ ಒಬ್ಬ ಮುದುಕಿಯ ಕೈಯಲ್ಲಿ ಅದನ್ನು ಕಂಡೆ. ಕೆಂಪು ಗೆರೆಯಿಂದ ಗುರುತು ಹಿಡಿದೆ.

ಏಳನೇ ಈಯತ್ತೆಯಲ್ಲಿ ಮಗಳು ತಾನೇ ಮೊದಲ ರೊಟ್ಟಿ ಬಡಿದಳು. ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಅದನ್ನೇ ಒಯ್ದು ಅವರಿಗೆ ಕೊಟ್ಟಳು. ಅವರು ತಿರುಗಿಸಿ ಮುರುಗಿಸಿ ನೋಡಿದರು.

"ಅವ್ವಿ, ಇದು ನಾನೂರೊಂದನೇ ಆಟ. ಅಂಗಿ ಬದ್ಲಿ ಮಾಡಿದ್ದಲ್ಲ, ಖರೇನ ಹೊಸಾದು."

ಚೂರೂ ಬಿಡದೆ ತಿಂದರು.

ಫೋನು ಕೆಳಗಿಟ್ಟ ಮಗಳು "ಗಡಿಯಾರದ ಕಾಕಾ ಏನಬೇ?" ಎಂದಳು. ತಲೆಯಾಡಿಸಿದೆ. ಅವಳು ಬಲಗೈ ಮಡಚಿ ಬಿಚ್ಚಿದಳು.

ಇವತ್ತು ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬುತ್ತಿ ನಾವೇ ಒಯ್ಯಬೇಕು. ನಾದಿದ ಹಿಟ್ಟು ಆರಿ ಬಿರಿಯುತ್ತಿತ್ತು. ಮತ್ತೆ ಎಸರಿಟ್ಟೆ, ಇನ್ನಷ್ಟು ಹಿಟ್ಟು ಸುರಿದೆ. ನಾನು ನಾದಿ ಕೊಟ್ಟೆ, ಅವಳು ಬಡಿಯತೊಡಗಿದಳು.